ಟ್ರಂಕಿನಲ್ಲಿದ್ದ ನೀಲಿ ಲಂಗ

೧೯೭೮ರ ಮೇ ಕೊನೆಯ ವಾರ. ಗುಬ್ಬಿಯ ನಮ್ಮ ಮನೆಯಲ್ಲಿ ಮಗ ಅಟ್ಟದ ಕೊಬ್ಬರಿ ಇಳಿಸಿ ಸುಲಿಸುತ್ತಿದ್ದ, ಸೊಸೆ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ನನ್ನ ಹೆಂಡತಿ ಕಲ್ಲಮ್ಮ ಲಿಂಗೈಕ್ಯಳಾಗಿ ಹದಿನೈದು ದಿನವಾಗಿತ್ತು. ಮೊಮ್ಮಗಳು ಗಂಗಾಂಬಿಕೆ ಐದನೆಯ ತರಗತಿಗೆ ಹೋಗಬೇಕಿತ್ತು.

"ತಾತ, ಸ್ಕೂಲಿಗೆ ಹೊಸ ಲಂಗ ಹಾಕ್ಕೊಳ್ಲಾ?" ಎಂದು ಕೇಳಿದಳು.

"ಸಾವಾದ ಮನೇಲಿ ಹೊಸ ಬಟ್ಟೆ ಏನೇ? ಸೂತಕ ಕಳೀಲಿ, ಹಳೇದೇ ಹಾಕ್ಕೊ" ಎಂದೆ.

ಲಿಂಗವಂತನಿಗೆ ಸೂತಕವಿಲ್ಲವೆಂದು ಮಠದ ಜಗಲಿಯಲ್ಲಿ ಕೂತು ಮೂವತ್ತು ವರ್ಷ ಊರಿಗೆಲ್ಲ ಹೇಳಿದವನು ನಾನು. ಆದರೂ ಮನೆಯಲ್ಲಿ ಯಾರೂ ಎದುರಾಡಲಿಲ್ಲ.

ಜೂನ್ ಒಂದರಂದು ಸಂಜೆ ಮಗು ಶಾಲೆಯಿಂದ ಬಂದು ನನ್ನ ಪಕ್ಕ ಕೂತಳು. ಹಳೆಯ ಲಂಗ ಮೊಣಕಾಲಿಗಿಂತ ಎಷ್ಟೋ ಮೇಲಕ್ಕಿತ್ತು.

"ತಂಗಿ ಲಂಗ ಕದ್ದ್ಯೇನೇ ಅಂತ ಕ್ಲಾಸಲ್ಲಿ ಎಲ್ರೂ ನಕ್ರು ತಾತ. ಎದ್ದು ನಿಂತ್ಕೊಳ್ಳೋಕೂ ಆಗ್ಲಿಲ್ಲ."

"ಸೂತಕ ಮುಗೀಲಿ, ಹೊಸದು ಹೊಲಿಸೋಣ ಬುಡು."

"ಅಜ್ಜಿ ಹುಷಾರಿಲ್ದೆ ಮಲಗೋಕೆ ಮುಂಚೆನೇ ಹೊಲ್ದು ಟ್ರಂಕಲ್ಲಿ ಇಟ್ಟವ್ರೆ. ನೀವು ಬೇಡ ಅಂದ್ರಿ ಅಂತ ನಾನು ಮುಟ್ಟಿಲ್ಲ. ಸೂತಕ ಯಾವತ್ತು ಮುಗಿಯುತ್ತೆ ತಾತ?"

ನಾನು ಎದ್ದು ಟ್ರಂಕು ತೆರೆದೆ. ನೀಲಿ ಲಂಗದ ಅಂಚನ್ನು ಮಗು ಬೆಳೆದಂತೆ ಬಿಚ್ಚಲೆಂದು ಕಲ್ಲಮ್ಮ ನಾಲ್ಕು ಬೆರಳಷ್ಟು ಒಳಕ್ಕೆ ಮಡಿಸಿ ಹೊಲಿದಿದ್ದಳು. ಅದನ್ನು ಮೊಮ್ಮಗಳ ಕೈಗೆ ಕೊಡುವಾಗ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.