ಬಸ್ಸಿನಲ್ಲಿ ಸಮುದ್ರ ದಾಟಿದ ಪೀಪಾಯಿ

ಸಮುದ್ರದಾಚೆಯ ಖರೀದಿದಾರನ ಪತ್ರದಲ್ಲಿ ನಾಲ್ಕೇ ಸಾಲುಗಳಿದ್ದವು. ಮೊದಲ ಸಲ ಬಂದ ಕಪ್ಪು ಬಿಯರ್ ಸೊಗಸಾಗಿತ್ತು, ಅದಕ್ಕೇ ಇನ್ನೂರು ಪೀಪಾಯಿ ಬೇಕೆಂದಿದ್ದೆ. ಎರಡನೆಯ ಸಲ ಮಾದರಿಗೆಂದು ಬಂದದ್ದು ಸುಟ್ಟ ಬಾರ್ಲಿಯ ಕಷಾಯ. ನಲವತ್ತೈದು ದಿನ ಬಿಟ್ಟು ಖುದ್ದಾಗಿ ಬರುತ್ತೇನೆ. ಹಳೆಯ ರುಚಿ ಸಿಗದಿದ್ದರೆ ನಮ್ಮ ವ್ಯವಹಾರ ಅಲ್ಲಿಗೆ ಮುಗಿಯಿತು.

ಬಿಯರ್ ಕುದಿಸುವ ಹೆಂಗಸು ಪತ್ರವನ್ನು ಎರಡು ಸಲ ಓದಿದಳು. ಎರಡೂ ಒಂದೇ ಹಂಡೆಯ ಬಿಯರ್. ರಫ್ತಿಗೆಂದೇ ಮಾಡಿದ್ದು: ಹುರಿದ ಬಾರ್ಲಿ ಧಾರಾಳ, ಕಹಿಗೆ ಹಾಕುವ ಹಾಪ್ಸ್ ಹೂವು ಮಾಮೂಲಿಗಿಂತ ದುಪ್ಪಟ್ಟು, ಮದ್ಯಾಂಶ ಶೇಕಡಾ ಏಳೂವರೆ. ಮೊದಲನೆಯದು ಹಡಗಿನಲ್ಲಿ ನಲವತ್ತೊಂದು ದಿನ ಪ್ರಯಾಣ ಮಾಡಿತ್ತು. ಎರಡನೆಯದನ್ನು ಕಾರ್ಖಾನೆಯ ಯಜಮಾನರು ಆತುರಕ್ಕೆ ಬಿದ್ದು ವಿಮಾನದಲ್ಲಿ ಕಳಿಸಿದ್ದರು. ಹಡಗಿನ ಸೆಕೆಗೂ ಓಲಾಟಕ್ಕೂ ಪೀಪಾಯಿಯೊಳಗೆ ಇನ್ನೊಮ್ಮೆ ನಿಧಾನವಾಗಿ ಹುದುಗೆದ್ದು ಒರಟು ಕಹಿ ಮೆತ್ತಗಾಗುತ್ತದೆ ಎಂದು ಅವಳು ಅವರಿಗೆ ವಿವರಿಸಿದಳು.

"ಬಿಯರ್‌ಗೂ ಹವಾ ಬದಲಾವಣೆ ಬೇಕೇನಮ್ಮಾ?" ಎಂದರು ಯಜಮಾನರು. ಆರ್ಡರ್ ಕೈತಪ್ಪಿದರೆ ಆ ಹಂಡೆಯಲ್ಲಿ ನಿಂಬೆ ಸೋಡಾ ಮಾಡುವುದಾಗಿಯೂ, ಅವಳು ಲೇಬಲ್ ಅಂಟಿಸುವ ಕೋಣೆಗೆ ಹೋಗಬಹುದೆಂದೂ ತಣ್ಣಗೆ ತಿಳಿಸಿದರು. ಅವಳು ಆ ಹಂಡೆಯ ಮುಂದೆ ನಿಂತು ಹನ್ನೊಂದು ವರ್ಷವಾಗಿತ್ತು.

ಅವಳ ತಮ್ಮ ಬಸ್ ಚಾಲಕ. ಹಳೆಯ ಬಸ್ಸು, ಎಂಜಿನ್ ಒಳಗೇ, ಅವನ ಪಕ್ಕದಲ್ಲೇ. ಅದರ ಮುಚ್ಚಳದ ಮೇಲೆ ಒದ್ದೆ ಟವೆಲ್ ಹಾಕಿದರೆ ಎರಡು ನಿಲ್ದಾಣದೊಳಗೆ ಒಣಗುತ್ತಿತ್ತು. ಒಂದು ಸುತ್ತಿಗೆ ಮೂವತ್ತೆರಡು ರಸ್ತೆ ಉಬ್ಬು, ದಿನಕ್ಕೆ ಆರು ಸುತ್ತು. ಹಡಗಿನ ಸೆಕೆ, ಓಲಾಟ ಎರಡೂ ಈ ಬಸ್ಸಿನಲ್ಲೇ ಸಿಗುತ್ತವೆಂಬ ಅಕ್ಕನ ಲೆಕ್ಕಾಚಾರ ಕೇಳಿ ತಮ್ಮ ತಲೆ ಕೆರೆದುಕೊಂಡ.

"ಅಕ್ಕಾ, ನನ್ನ ಬಸ್ ಹತ್ತಿದೋರು ವಾಂತಿ ಮಾಡ್ಕೋತಾರೆ. ಯಾರೂ ಮೆತ್ತಗಾಗಿದ್ದು ನೋಡಿಲ್ಲ."

"ನೀನು ದಿನಾ ಓಡಿಸೋ ಹಾಗೇ ಓಡಿಸು. ಸುಧಾರಿಸೋಕೆ ಮಾತ್ರ ಹೋಗಬೇಡ."

ಮರುದಿನ ಇಪ್ಪತ್ತು ಲೀಟರಿನ ಮರದ ಪೀಪಾಯಿಯೊಂದು ಎಂಜಿನ್ ಪಕ್ಕದಲ್ಲಿ, ಮಡಿಸಿದ ಕಂಬಳಿ ಹೊದ್ದು, ನೆಟ್ಟಗೆ ನಿಂತಿತು. ಮೂರನೆಯ ದಿನ ನಿವೃತ್ತ ಶಿಕ್ಷಕಿಯೊಬ್ಬರು ಅದರ ಮೇಲೆ ಕುಳಿತರು. ಮಂಡಿನೋವಿಗೆ ಆ ಎತ್ತರ ಹೇಳಿ ಮಾಡಿಸಿದಂತಿದೆ ಎಂದು ಅಂದಿನಿಂದ ಆ ಜಾಗವನ್ನು ತಮ್ಮದೇ ಮಾಡಿಕೊಂಡರು.

ತೊಂದರೆ ಬಂದದ್ದು ಬೆಣೆಯಿಂದ. ಹುದುಗಿನ ಗಾಳಿ ಹೊರಹೋಗಲೆಂದು ಪೀಪಾಯಿಯ ಮೇಲಂಚಿನ ಕೆಳಗೆ ಮೆದು ಮರದ ಬೆಣೆ ಹೊಡೆದಿದ್ದರು. ದೊಡ್ಡ ಉಬ್ಬು ಬಂದಾಗಲೆಲ್ಲ ಅದು ದೀರ್ಘವಾಗಿ 'ಪುಸ್' ಎನ್ನುತ್ತಿತ್ತು. ಶಿಕ್ಷಕಿಯ ಮೇಲೆ ಸಂಶಯಪಡುವ ಧೈರ್ಯ ಯಾರಿಗಿತ್ತು? ಎಲ್ಲರೂ ಚಾಲಕನ ಬೆನ್ನು ನೋಡಿದರು. ಕುಂಬಳಕಾಯಿ ಕಳ್ಳನಂತೆ ಅವನೂ ಒಮ್ಮೆ ಹೆಗಲು ಮುಟ್ಟಿಕೊಂಡ. ಮಾನ ಹೋಯಿತೆಂದು ಮನೆಯಲ್ಲಿ ಅಕ್ಕನ ಮುಂದೆ ಅತ್ತುಕೊಂಡಾಗ, ಮಾನ ಆಮೇಲೆ ಬರುತ್ತದೆ, ಬೆಣೆ ಮುಟ್ಟಬೇಡ ಎಂದು ಅವಳು ಅಪ್ಪಣೆ ಮಾಡಿದಳು.

ನಲವತ್ನಾಲ್ಕನೆಯ ದಿನ ಶಿಕ್ಷಕಿ ಕಣ್ಣು ತೋರಿಸಲು ಹೋಗಿದ್ದರು. ಪೀಪಾಯಿಯ ಮೇಲೆ ಯಾರೂ ಕೂತಿಲ್ಲದ್ದು ಕಂಡು, ಸೂಟು ತೊಟ್ಟ ದಪ್ಪ ಮನುಷ್ಯನೊಬ್ಬ ಉಸ್ಸೆಂದು ಅದರ ಮೇಲೆ ಕುಳಿತ. ಮೊದಲ ಉಬ್ಬಿಗೇ ಬೆಣೆ ಬಾಯಿಬಿಟ್ಟಿತು. ಇಡೀ ಬಸ್ಸು ಅವನತ್ತ ತಿರುಗಿತು. ಅವನ ಕಿವಿ ಕೆಂಪಾಯಿತು. ಎರಡನೆಯ ಉಬ್ಬಿಗೆ ಅವನ ಮೂಗು ಅರಳಿತು. ಮೂರನೆಯದಕ್ಕೆ ಎದ್ದು, ಬಗ್ಗಿ, ಬೆಣೆಗೆ ಮೂಗು ಹಚ್ಚಿದ.

"ಯಾರದ್ದಪ್ಪಾ ಇದು?"

ಬಸ್ ಕಂಪನಿಯ ತಪಾಸಣಾಧಿಕಾರಿಯೇ ಇರಬೇಕೆಂದು ಚಾಲಕ ಬೆವೆತ. "ನಮ್ಮಕ್ಕಂದು ಸಾರ್. ನಂಗೇನೂ ಗೊತ್ತಿಲ್ಲ. ನಲವತ್ನಾಲ್ಕು ದಿನದಿಂದ ಇಲ್ಲೇ ಇದೆ, ಅಷ್ಟೇ."

"ನಿಮ್ಮಕ್ಕ ಎಲ್ಲಿ ಇಳಿಸ್ಕೋತಾರೆ?"

ಬಿಯರ್ ಕಾರ್ಖಾನೆಯ ನಿಲ್ದಾಣದಲ್ಲಿ ಹೆಂಗಸು ಕಾದು ನಿಂತಿದ್ದಳು. ಪೀಪಾಯಿಯ ಒಂದು ತುದಿಯನ್ನು ತಮ್ಮ ಹಿಡಿದಿದ್ದ, ಇನ್ನೊಂದನ್ನು ಅಪರಿಚಿತ ಸೂಟುಧಾರಿ. ಮುನ್ಸೂಚನೆಯಿಲ್ಲದೆ ನೋಡೋಣವೆಂದು ಒಂದು ದಿನ ಮೊದಲೇ ಬಂದ ಖರೀದಿದಾರ ತಾನೇ ಎಂದು ಅವನು ಏದುಸಿರಿನಲ್ಲೇ ಪರಿಚಯ ಹೇಳಿಕೊಂಡ. ಹೊರಟದ್ದು ಕಾರ್ಖಾನೆಗೆ, ಬೇಕಾದ್ದು ಬಸ್ಸಿನಲ್ಲೇ ಸಿಕ್ಕಿತ್ತು.

ಕುಲುಕಿದ ಗಷ್ಟು ತಳಕ್ಕಿಳಿಯಲೆಂದು ಮರುದಿನದವರೆಗೂ ಅವಳು ಯಾರಿಗೂ ನಲ್ಲಿ ತಿರುಗಿಸಲು ಬಿಡಲಿಲ್ಲ. ಮರುದಿನ ಲೋಟಕ್ಕೆ ಬಿದ್ದದ್ದು ಇದ್ದಿಲಿನಂತೆ ಕಪ್ಪಗಿತ್ತು, ನೊರೆ ಕಂದು. ಖರೀದಿದಾರ ಅರ್ಧ ಕುಡಿದು ಲೋಟವನ್ನು ಬೆಳಕಿಗೆ ಹಿಡಿದ. ಅವಳ ಕಣ್ಣು ಮಾತ್ರ ಲೇಬಲ್ ಕೋಣೆಯ ಬಾಗಿಲ ಮೇಲಿತ್ತು.

"ಇದೇ ರುಚಿ. ಮೊದಲನೇದಕ್ಕಿಂತ ಒಂದು ಕೈ ಮೇಲೇ."

ನಮ್ಮದೊಂದು ವಿಶೇಷ ಪದ್ಧತಿ ಇದೆ ಎಂದು ಯಜಮಾನರು ಗಂಟಲು ಸರಿಮಾಡಿಕೊಂಡರು.

"ಗೊತ್ತು," ಎಂದ ಅವನು. "ಅದರ ಮೇಲೇ ಕೂತು ಬಂದೆ."

ಕರಾರಿನಲ್ಲಿ ಒಂದೇ ಷರತ್ತು ಹೊಸದಾಗಿ ಸೇರಿತು: ಇನ್ನೂರೂ ಪೀಪಾಯಿ ಹಡಗಿನಲ್ಲೇ ಬರಬೇಕು. ಹಂಡೆ ಅವಳಿಗೇ ಉಳಿಯಿತು.

ಎರಡು ದಿನ ಬಿಟ್ಟು ತಮ್ಮ ಹಂಡೆಯ ಬಳಿಗೇ ಬಂದ. ಶಿಕ್ಷಕಿ ಬೇರೆಲ್ಲೂ ಕೂರಲು ಒಪ್ಪದೆ, ಚಾಲಕನ ಮೇಲೆ ದೂರು ಬರೆಯಲು ಕಾಗದ ಕೇಳಿದ್ದರಂತೆ.

"ಒಂದು ಪೀಪಾಯಿ ಕೊಡಕ್ಕಾ. ಖಾಲಿದಾದ್ರೂ ಸರಿ."

"ಖಾಲಿ ಯಾಕೋ?" ಎಂದು ಅವಳು ತುಂಬಿದ್ದನ್ನೇ ಉರುಳಿಸಿದಳು. "ಕಂಬಳಿ ಮರೀಬೇಡ."