ಹಾಲಿನ ಕ್ಯಾನು ಇಳಿದ ಮೇಲೆ

"ಇನ್ನೊಂದ್ಸಲ ಆ ಏಡಿ ಕಾಲೆತ್ತಿದ್ರೆ ಕೀ ನಂದು. ಆಮ್ಯಾಕೆ ಅದು ಡೇರಿಗೆ ಹಾಲು ಹೊರಕ್ಕೆ ಮಾತ್ರ, ರೇಸು ಗೀಸು ಏನೂ ಇಲ್ಲ" ಎಂದು ಜಯಲಕ್ಷ್ಮಮ್ಮ ಮೊಮ್ಮಗಳಿಗೆ ಹೇಳಿ ಒಂದು ವಾರವಾಗಿತ್ತು.

ಏಡಿ ಅಂದರೆ ದೀಪಶ್ರೀಯ ಕ್ವಾಡ್ ಬೈಕು. ಬೈಕಿನ ಹ್ಯಾಂಡಲ್ಲು, ನಾಲ್ಕು ದಪ್ಪ ಚಕ್ರ, ಮುಂದಕ್ಕೆ ಚಾಚಿದ ಎರಡು ಕೈಗಳಂಥ ಕಬ್ಬಿಣ. ಸಕಲೇಶಪುರದ ಕಡೆಯ ಯಾವುದೋ ರೆಸಾರ್ಟು ಬೇಡವೆಂದು ಬಿಟ್ಟದ್ದನ್ನು ಸೋದರಮಾವ ರಂಗಸ್ವಾಮಿ ತಂದು, ಶಾಂತಿಗ್ರಾಮದ ತನ್ನ ಗ್ಯಾರೇಜಿನಲ್ಲಿ ಜೀವ ತುಂಬಿದ್ದ. ಓಡುವುದರಲ್ಲಿ ತಕರಾರಿಲ್ಲ. ಆದರೆ ಮೂಗು ಎತ್ತರ. ಜೋರಾಗಿ ತಿರುಗಿಸಿದರೆ ಒಳಗಡೆಯ ಮುಂದಿನ ಚಕ್ರ ನೆಲ ಬಿಡುತ್ತಿತ್ತು. ಹಾಗೆ ಬಿಟ್ಟೇ ಅವಳು ಅಜ್ಜಿಯ ಕಣ್ಣೆದುರು ರಾಗಿ ಹೊಲಕ್ಕೆ ಉರುಳಿದ್ದು. ಅವಳಿಗೇನೂ ಆಗಲಿಲ್ಲ. ರಾಗಿಗೆ ಆಯಿತು.

ಭಾನುವಾರ ಗೊರೂರಿನ ಹತ್ತಿರದ ಬಯಲಲ್ಲಿ ಮಣ್ಣಿನ ರೇಸು. ಅದಕ್ಕೆ ಮುಂಚೆ ಮೂಗು ಇಳಿಸಲೇಬೇಕಿತ್ತು.

ಶನಿವಾರ ಮಧ್ಯಾಹ್ನ ಮಾವ, ಸೊಸೆ ಕೊಟ್ಟಿಗೆಯ ಮುಂದೆ ಕೂತರು. ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಮೇಲೆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಒಂದೊಂದು ರಿಂಗು ಇರುತ್ತದೆ. ಅದನ್ನು ಸಡಿಲಿಸಿದಷ್ಟೂ ಗಾಡಿ ಕೂರುತ್ತದೆ. ಮಾವ ಕೊಕ್ಕೆ ಸ್ಪ್ಯಾನರ್ ಹಾಕಿ ಬಲಗಡೆ ತಿರುಗಿಸಿದ, ಅವಳು ಅಷ್ಟೇ ಎಡಗಡೆ ತಿರುಗಿಸಿದಳು. ಇಬ್ಬರೂ ಮಾತಾಡಲಿಲ್ಲ. ಮಾವನ ಜೊತೆಗಿನ ಈ ಮಾತಿಲ್ಲದ ಹೊತ್ತು ದೀಪಶ್ರೀಗೆ ಬಹಳ ಇಷ್ಟ. ಡಿಗ್ರಿ ಮುಗಿಸಿ ಬಂದಾಗಿನಿಂದ ಸಿಕ್ಕವರೆಲ್ಲ ಮುಂದೇನು, ಮುಂದೇನು ಅನ್ನುತ್ತಿದ್ದರು. ಮಾವ ಕೇಳುತ್ತಿದ್ದದ್ದು ಹದಿನಾಲ್ಕನೇ ನಂಬರ್ ಸ್ಪ್ಯಾನರನ್ನು ಮಾತ್ರ.

ಅಷ್ಟರಲ್ಲಿ ಅಜ್ಜಿ ಹಾಲು ಕರೆದು ಮುಗಿಸಿದರು. ತುಂಬಿದ ಎರಡು ಕ್ಯಾನುಗಳನ್ನು ತಂದು ಗಾಡಿಯ ಮುಂದಿನ ಕ್ಯಾರಿಯರ್ ಮೇಲೆ ಇಟ್ಟೇಬಿಟ್ಟರು. ಆ ಮನೆಯಲ್ಲೊಂದು ಪದ್ಧತಿ: ತುಂಬಿದ ಕ್ಯಾನನ್ನು ಒಮ್ಮೆ ಎತ್ತಿದರೆ ಅದು ಡೇರಿಯಲ್ಲೇ ಇಳಿಯಬೇಕು, ನಡುವೆ ನೆಲ ಮುಟ್ಟಿದರೆ ಕೊಟ್ಟಿಗೆಯ ಹಾಲು ಕಮ್ಮಿಯಾಗುತ್ತದೆ. ಇದನ್ನು ಯಾರೂ ಪ್ರಶ್ನಿಸಿದವರಿಲ್ಲ.

ಅವಳು ಸೀಟಿನ ಮೇಲೆ ಕೂತಳು. ಮಾವ ಟೇಪು ಹಿಡಿದ.

"ಸಕತ್ತಾಗ್ ಕೂತದೆ ಕಣಮ್ಮಿ! ಸಾಕು, ಇನ್ ತಿರುಗ್ಸ್‌ಬ್ಯಾಡ."

ಡೇರಿಯವರೆಗೂ ಗಾಡಿ ಪ್ರತಿ ತಿರುವಿನಲ್ಲೂ ನೆಲಕ್ಕೆ ಅಂಟಿಕೊಂಡು ಹೋಯಿತು. ಅವಳು ಹೆಲ್ಮೆಟ್ಟಿನೊಳಗೆ ಹಾಡಿಕೊಂಡಳು.

ಭಾನುವಾರ ಗೊರೂರಿನಲ್ಲಿ ಮೊದಲ ಮಾತೇ, "ಕ್ಯಾರಿಯರ್ ಬಿಚ್ಚಿ ಮೇಡಂ, ಅದಿಟ್ಕೊಂಡು ಒಳಗೆ ಬಿಡಲ್ಲ." ಬಿಚ್ಚಿದರು. ಅಭ್ಯಾಸದ ಸುತ್ತಿಗೆ ಹೊರಟಳು. ಮೊದಲ ತಿರುವಿನಲ್ಲೇ ಎಡಗಡೆಯ ಚಕ್ರ ಮೇಲೆದ್ದಿತು.

ಬಯಲಿನ ಅಂಚಿಗೆ ನೋಡಿದರೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದ ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

"ನೋಡಿದ್ರಾ ಅಜ್ಜಿ?" ಸುತ್ತು ಮುಗಿಸಿ ಬಂದು ಕೇಳಿದಳು.

"ಇದು ಅಭ್ಯಾಸ ತಾನೆ? ಅಭ್ಯಾಸದ್ದು ಲೆಕ್ಕಕ್ಕಿಲ್ಲ. ಆಟದಲ್ಲಿ ಮಾತ್ರ ಕಣ್ ಬಿಟ್ಕೊಂಡೇ ಇರ್ತೀನಿ."

ಮಾವ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳೂ ಕೂತಳು. ಮತ್ತೆ ಮೌನ, ಆದರೆ ನಿನ್ನೆಯದಲ್ಲ. ನಿನ್ನೆಯದರಲ್ಲಿ ಇಬ್ಬರಿಗೂ ಜಾಗವಿತ್ತು. ಇದರಲ್ಲಿ ಉಸಿರಾಡುವುದಕ್ಕೂ ಇರಲಿಲ್ಲ. ಅವಳ ಕಣ್ಣು ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಕ್ಯಾರಿಯರ್ ಮೇಲೆ ಹೋಯಿತು. ಅದರ ಮೇಲೆ ಕ್ಯಾನಿನ ತಳ ಉಜ್ಜಿ ಮೂಡಿದ್ದ ಎರಡು ದುಂಡನೆಯ ಗುರುತು.

"ಮಾವ, ನಿನ್ನೆ ಅಳತೆ ಹಿಡಿದಾಗ ಕ್ಯಾನು ಎಲ್ಲಿದ್ವು?"

ಮಾವ ಕ್ಯಾರಿಯರ್ ನೋಡಿದ, ಗಾಡಿ ನೋಡಿದ, ಹಣೆ ಚಚ್ಚಿಕೊಂಡ. "ಅಯ್ಯೋ ನನ್ ಬುದ್ಧಿಗಿಷ್ಟು! ಮೂಗು ಇಳ್ಸಿದ್ದು ನಾವಲ್ಲ ಕಣಮ್ಮಿ, ಹಾಲು!"

ಇಬ್ಬರಿಗೂ ನಗು ಬಂತು. ನಗುತ್ತಲೇ ಜಾಕಿಗೆ ಓಡಿದರು. ಕೊಕ್ಕೆ ಸ್ಪ್ಯಾನರ್ ಶಾಂತಿಗ್ರಾಮದ ಮನೆಯಲ್ಲೇ ಉಳಿದಿತ್ತು. ಮಾವ ರಿಂಗಿನ ಕಚ್ಚಿಗೆ ಹಳೆಯ ಸ್ಕ್ರೂಡ್ರೈವರ್ ಕೊಟ್ಟು ಸುತ್ತಿಗೆಯಿಂದ ತಟ್ಟತೊಡಗಿದ. ಟೇಪೂ ಇರಲಿಲ್ಲ.

"ಏನ್ಲಾ ರಂಗ, ತಡಕಾಡ್ತಿದ್ದೀಯ?" ಅಜ್ಜಿ ಕೊಡೆಯ ಸಮೇತ ಬಂದು ನಿಂತಿದ್ದರು.

"ಅಳತೆ ಹಿಡಿಯಕ್ಕೇನೂ ಇಲ್ಲ ಕಣವ್ವ."

"ಕೈ ಇಲ್ವೇನ್ಲಾ?" ಅಜ್ಜಿ ಕೊಡೆಯನ್ನು ಮಡಚಿ ಪಕ್ಕಕ್ಕಿಟ್ಟು ಬಗ್ಗಿ, ನೆಲದಿಂದ ಗಾಡಿಯ ಹೊಟ್ಟೆಗೆ ಗೇಣು ಹಾಕಿದರು. "ಹತ್ತು ಮಗಾ, ಕೂತ್ಕೊ. ಈವಾಗ ಒಂದ್ ಗೇಣು. ಈ ಕಡೆ ಒಂದ್ ಬೆರಳು ಜಾಸ್ತಿ ಅದೆ, ತಟ್ಲಾ."

"ನೀನ್ ಯಾರ್ ಕಡೆ ಅವ್ವ?" ಮಾವ ತಟ್ಟುತ್ತಾ ಕೇಳಿದ.

"ಅಳತೆ ಕಡೆ. ಅಲ್ಲಿ ಕಾಲೆತ್ಲಿ, ಕೀ ನಂದೇ."

ರೇಸಿನಲ್ಲಿ ಏಳು ಗಾಡಿ. ಅರಕಲಗೂಡಿನ ಹುಡುಗನೊಬ್ಬ ಮೊದಲಿಂದಲೂ ಅವಳ ಪಕ್ಕಕ್ಕೇ ಅಂಟಿಕೊಂಡಿದ್ದ. ಕೊನೆಯ ಸುತ್ತಿನ ಕೊನೆಯ ತಿರುವು ಅಜ್ಜಿಯ ಕುರ್ಚಿಯ ಎದುರಿಗೇ ಇತ್ತು. ನಿಧಾನ ಮಾಡಿದರೆ ಚಕ್ರ ಏಳುವುದಿಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೆ ನಿಧಾನ ಮಾಡಿ ಉಳಿಸಿಕೊಂಡ ಗಾಡಿ ಕೊಟ್ಟಿಗೆಯಲ್ಲಿದ್ದರೇನು, ಹೊರಗಿದ್ದರೇನು? ಆಕ್ಸಿಲರೇಟರ್ ಬಿಡದೆ ಮೈಯನ್ನು ಒಳಗಡೆಗೆ ಪೂರಾ ಚೆಲ್ಲಿ ತಿರುಗಿಸಿದಳು. ಗಾಡಿ ನಡುಗಿತು, ಮಣ್ಣು ಹಾರಿತು. ನಾಲ್ಕು ಚಕ್ರವೂ ನೆಲದಲ್ಲೇ ಇದ್ದವು.

ಬಂದದ್ದು ನಾಲ್ಕನೆಯವಳಾಗಿ. ನೇರ ಹೋಗಿ "ಚಕ್ರ ಎದ್ದಿತ್ತಾ, ನೀವೇ ಹೇಳಿ" ಎಂದು ಅಜ್ಜಿಯೆದುರು ಕೀ ಚಾಚಿದಳು. ಅಜ್ಜಿ ಮುಖದ ಮಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ, "ನಂಗ್ಯಾಕೆ? ನಂಗೇನು ಓಡ್ಸಕ್ಕೆ ಬತ್ತದಾ?" ಎಂದರು.

ಸೋಮವಾರ ಬೆಳಿಗ್ಗೆ ಕ್ಯಾರಿಯರ್ ಮತ್ತೆ ಗಾಡಿಗೆ ಏರಿತು. ಅಜ್ಜಿ ಎಂದಿನಂತೆ ತುಂಬಿದ ಕ್ಯಾನುಗಳನ್ನು ಅದರ ಮೇಲಿಟ್ಟರು. ಏಡಿ ನಿಧಾನಕ್ಕೆ ಮುಂದೆ ಬಾಗಿ, ಬಾಗಿ, ನಮಸ್ಕಾರಕ್ಕೆ ಬಿದ್ದಂತೆ ಕೂತುಬಿಟ್ಟಿತು. ಚಕ್ರ ಮಡ್‌ಗಾರ್ಡಿಗೆ ಕಚ್ಚಿಕೊಂಡು ಅಲುಗಲೊಲ್ಲದು.

"ಮತ್ತೆ ಎತ್ತರಿಸ್ಲಾ ಅವ್ವ?" ಮಾವ ಕೇಳಿದ.

ಅಜ್ಜಿ ಗಾಡಿ ನೋಡಿದರು, ಮೊಮ್ಮಗಳ ಮುಖ ನೋಡಿದರು.

"ಬ್ಯಾಡ. ಅದು ಅಂಗೇ ಇರ್ಲಿ. ಹಾಲು ನಿನ್ ಮೊಪೆಡ್‌ನಾಗೆ ಓಗ್ಲಿ."

ಮೊಪೆಡ್ ಇದ್ದದ್ದು ಗ್ಯಾರೇಜಿನಲ್ಲಿ. ಎತ್ತಿದ ಕ್ಯಾನು ನೆಲ ಮುಟ್ಟುವಂತಿಲ್ಲ. ಹಾಗಾಗಿ ರಂಗಸ್ವಾಮಿ ಎರಡು ಕೈಯಲ್ಲೂ ತುಂಬಿದ ಕ್ಯಾನು ಹಿಡಿದು ಅಂಗಳದಲ್ಲಿ ನಿಂತ. ಭಾರ ಇಳಿದ ಏಡಿ ಮೆಲ್ಲಗೆ ತಲೆ ಎತ್ತಿತು.

"ದೀಪು, ಮೊಪೆಡ್ ತತ್ತಾರಮ್ಮಿ, ಬಿರ್‌ಬಿರ್‌ನೆ! ತೋಳು ಬಿದ್ದೋಯ್ತದೆ!"

"ಬಂದೆ ಮಾವ" ಎಂದು ಹೆಲ್ಮೆಟ್ ಏರಿಸಿಕೊಂಡು ಅವಳು ಏಡಿಯನ್ನು ಹೊರಡಿಸಿದಳು. ಗೇಟಿನ ಹತ್ತಿರದ ತಿರುವು ಸೊಗಸಾಗಿತ್ತು. ಇನ್ನೊಮ್ಮೆ ನೋಡೋಣವೆಂದು ಅಂಗಳಕ್ಕೆ ಒಂದು ಸುತ್ತು ಬಂದೇ ಹೋದಳು.