ಮೂರನೆಯ ಸಾಲಿನ ಏರು

ಗೋಡೆಯಾಚೆ ಯಾರೋ ಅಜ್ಜನ ಹಾಡು ನುಡಿಸುತ್ತಿದ್ದರು.

ಮನೀಶನ ಬೆರಳುಗಳು ಹಾರ್ಮೋನಿಯಮ್ಮಿನ ಮೇಲೆ ಹಾಗೇ ನಿಂತವು. ತಾನು ನುಡಿಸುತ್ತಿಲ್ಲ, ಹಾಡು ಮಾತ್ರ ನಡೆದೇ ಇದೆ. ಹಾಲೆಂಡಿನ ನ್ಯೂವೆಗೈನ್ ಊರಿನ ಈ ಚರ್ಚಿನ ಸಭಾಂಗಣವನ್ನು ಕನ್ನಡ ಸಂಘದವರು ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಬಾಡಿಗೆಗೆ ಹಿಡಿಯುತ್ತಿದ್ದರು. ಬೆಂಕಿಯ ಅಲಾರಂ ಕೂಗೀತೆಂದು ಗಣೇಶನಿಗೆ ಬ್ಯಾಟರಿಯ ದೀಪ. ಊದುಬತ್ತಿ ಹಚ್ಚಬೇಕಾದರೆ ಹೊರಗೆ, ಸೈಕಲ್ ನಿಲ್ಲಿಸುವಲ್ಲಿ. ಸಭಾಂಗಣಕ್ಕೂ ಚರ್ಚಿಗೂ ನಡುವೆ ಒಂದೇ ಬಾಗಿಲು. ಅದರಾಚೆಯ ಪೈಪ್ ಆರ್ಗನ್ನಿನಿಂದ ಬರುತ್ತಿತ್ತು ಹಾಡು.

"ಕಳ್ಳ ಬೇವರ್ಸಿ," ಮನೀಶ ಎದ್ದ. "ಹೋದ ಶನಿವಾರ ನಾವು ಪ್ರಾಕ್ಟೀಸ್ ಮಾಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದಾನೆ ಅವ!"

"ಯಾನ್ ಅವರಾ? ಚರ್ಚ್ ನೋಡಿಕೊಳ್ಳುವ ಮುದುಕ ನಿನ್ನ ಹಾಡು ಕದ್ದು ಎಂಥ ಮಾಡ್ಲಿಕ್ಕುಂಟು ಮಾರಾಯ?" ಹೂ ಕಟ್ಟುತ್ತಿದ್ದ ಅಕ್ಕ ಸಂಪ್ರೀತಾ ನಕ್ಕಳು.

ಅವಳಿಗೆ ನಗು ಬರುತ್ತದೆ. ಅವಳು ಇಂಜಿನಿಯರು. ಮನೀಶ ಒಂಬತ್ತನೇ ತರಗತಿಗೇ ಶಾಲೆಗೆ ಕೈಮುಗಿದವನು, ದ ಹೇಗ್‌ನ ಹೋಟೆಲೊಂದರಲ್ಲಿ ತಂದೂರಿ ಒಲೆಯ ಮುಂದೆ ನಿಲ್ಲುವವನು. ಸಂಘದ ಜನ ಸಿಕ್ಕಾಗಲೆಲ್ಲ "ಯಾವ ಕಂಪನಿ?" ಎಂದು ಕೇಳುತ್ತಿದ್ದರು. ಒಲೆ ಎಂದಾಕ್ಷಣ ಅವರ ಕಣ್ಣು ಪಕ್ಕದವರ ಕಡೆ ತಿರುಗುತ್ತಿತ್ತು. ಆಗ ಅವನು ಎದೆಯುಬ್ಬಿಸಿ ಹೇಳುವ ಮಾತು ಒಂದೇ: "ನಮ್ಮಜ್ಜ ರಾಗ ಕಟ್ಟಿದವರು." ಊರಿನ ಭಜನಾ ಮಂದಿರದಲ್ಲಿ ಇಂದಿಗೂ ಮಂಗಳಕ್ಕೆ ಮುಂಚೆ ಐತಪ್ಪಜ್ಜನ ಕೃಷ್ಣನ ಹಾಡೇ ಆಗಬೇಕು. ಅದರ ಮೂರನೆಯ ಸಾಲಿನಲ್ಲಿ ಸ್ವರ ತಟ್ಟನೆ ಮೇಲೆ ಹಾರುತ್ತದೆ. ಅಂಥ ಏರು ಬೇರಾರಿಗೂ ಹೊಳೆಯಲಿಲ್ಲವೆಂದು ಊರೇ ಹೇಳುತ್ತದೆ. ಇವತ್ತು ಆ ಹಾಡು ವೇದಿಕೆ ಹತ್ತಲಿತ್ತು. ಅಜ್ಜನ ಹೆಸರು ಮೈಕಿನಲ್ಲಿ ಬರಲಿತ್ತು.

ಅವನು ಬಾಗಿಲು ದೂಡಿಕೊಂಡು ನುಗ್ಗಿದ. ಸಂಪ್ರೀತಾ ಹಿಂದೆಯೇ ಓಡಿದಳು.

"ಸ್ಟಾಪ್! ದಿಸ್ ಸಾಂಗ್ ಮೈ ಗ್ರ್ಯಾಂಡ್‌ಫಾದರ್ಸ್!"

ಆರ್ಗನ್ನಿನ ಮುಂದಿದ್ದ ಮುದುಕ ತಿರುಗಿದ. ಅವನ ಮುಖ ಅರಳಿತು. "ಓ! ಮೈನ್ ಟೂ!"

ಮನೀಶನಿಗೆ ಕಪಾಳಕ್ಕೆ ಬಿಗಿದಂತಾಯಿತು. ಯಾನ್ ಖುಷಿಯಲ್ಲಿ ಏನೇನೋ ಹೇಳುತ್ತಲೇ ಹೋದ. ಸಂಪ್ರೀತಾ ತಗ್ಗಿದ ದನಿಯಲ್ಲಿ ಕನ್ನಡಕ್ಕಿಳಿಸಿದಳು. "ಇದು ಅವರ ಊರಿನ ಚರ್ಚಿನ ಹಾಡಂತೆ. ನೂರೈವತ್ತು ವರ್ಷ ಆಯ್ತಂತೆ. ಅವರ ಅಜ್ಜ ಹೊಲದಲ್ಲಿ ಆಲೂಗಡ್ಡೆ ಅಗೆಯುವಾಗ ಹಾಡ್ತಿದ್ರಂತೆ."

"ಸುಳ್ಳು! ಹಾಡ್ಲಿಕ್ಕೆ ಹೇಳು. ಮೂರನೇ ಸಾಲು ಹಾಡ್ಲಿ!"

ಯಾನ್ ಕಣ್ಣುಮುಚ್ಚಿ ಡಚ್ಚಿನಲ್ಲಿ ಹಾಡಿದ. ಒಂದನೆಯ ಸಾಲು, ಎರಡನೆಯದು. ಮೂರನೆಯದು ಬಂತು. ಏರಬೇಕಾದಲ್ಲಿ ಆ ಒಣ ಗಂಟಲು ಏರಿಯೇ ಬಿಟ್ಟಿತು. ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ.

ಹಿಂದಿನಿಂದ ಇನ್ನೊಂದು ದನಿ ಸೇರಿತು. ತುಳುವಿನ ದನಿ.

ಅಕ್ಕು ಅಜ್ಜಿ. ಮೊಮ್ಮಗಳು ಸಂಪ್ರೀತಾಳ ಮನೆಗೆಂದು ಊರಿನಿಂದ ಬಂದ ಮುದುಕಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಚರ್ಚಿನ ನಡುದಾರಿಯಲ್ಲಿ ಬರುತ್ತಿದ್ದಳು, ಹಾಡುತ್ತ. ಮನೀಶ ತೊಟ್ಟಿಲಿನಿಂದ ಕೇಳಿದ ಅದೇ ಹಾಡು. ಆದರೆ ಕೃಷ್ಣ ಎಂದು ಬರಬೇಕಾದಲ್ಲಿ ಯೇಸು ಎಂದು ಬಂತು.

ಹಾಡು ಮುಗಿಯಿತು. ಯಾನ್ ಚಪ್ಪಾಳೆ ತಟ್ಟಲು ಕೈಯೆತ್ತಿದವನು, ಮನೀಶನ ಮುಖ ನೋಡಿ ಹಾಗೇ ಇಳಿಸಿದ.

"ಅಜ್ಜೀ, ಎಂಥ ಹಾಡಿದ್ದು ನೀವು?"

"ಅದೇ, ನಮ್ಮ ಹಾಡು."

"ಅಜ್ಜ ಕಟ್ಟಿದ್ದು ಅದು! ಹೇಳಿ ಇವನಿಗೆ!"

"ನಿನ್ನ ಅಜ್ಜ ಎಂಥ ಕಟ್ತಾರೆ? ಅವರು ಬಾಯಿ ತೆರೆದರೆ ನಾಯಿ ಎದ್ದು ಹೋಗ್ತಿತ್ತು." ಅಜ್ಜಿ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. "ಮದುವೆಗೆ ಮೊದಲು ನಾನು ಮಿಶನಿನವರ ಹಂಚಿನ ಕಾರ್ಖಾನೆಗೆ ಹೋಗ್ತಿದ್ದೆ. ಸಾಲಾಗಿ ನಿಲ್ಲುದು, ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಹಂಚು ದಾಟಿಸುದು. ಕ್ರಿಶ್ಚನ್ ಹೆಂಗಸರು ಹಾಡ್ತಿದ್ರು. ಹಾಡು ಉಂಟಾದ್ರೆ ಹಂಚು ಕೈ ತಪ್ಪುದಿಲ್ಲ. ನಾನೂ ಹಾಡಿದೆ."

"ಮತ್ತೆ ಕೃಷ್ಣ?"

"ಮದುವೆ ಆದ ಮೇಲೆ ಅಜ್ಜ ಹೇಳಿದ್ರು, ಆ ಹೆಸರು ಮನೆಯಲ್ಲಿ ಬೇಡ. ಹೆಸರು ಬಿಟ್ಟೆ, ಕೃಷ್ಣ ಅಂತ ಹಾಕಿದೆ. ಹಾಡು ಬಿಡ್ಲಿಕ್ಕೆ ಆಗ್ಲಿಲ್ಲ ಮಗಾ. ಅಜ್ಜನೇ ಅದನ್ನು ಮಂದಿರಕ್ಕೆ ಕೊಂಡುಹೋದ್ರು. ಯಾರು ಕಟ್ಟಿದ್ದು ಐತಪ್ಪಣ್ಣ, ನೀವಾ ಅಂತ ಜನ ಕೇಳಿದ್ರು. ಅಲ್ಲ ಅಂತ ಅವರು ಹೇಳ್ಲಿಲ್ಲ."

"ನೀವೂ ಹೇಳ್ಲಿಲ್ಲ!" ಚರ್ಚು ಪ್ರತಿಧ್ವನಿಸಿತು. "ಇಷ್ಟು ವರ್ಷ! ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ!"

"ನನ್ನ ಹತ್ತಿರ ಯಾರು ಕೇಳಿದ್ರು?"

ಕೆಂಡದೆದುರು ಬೆವರಿ ಅಭ್ಯಾಸವಿದ್ದ ಮನೀಶನ ಮೈ ಈ ತಣ್ಣನೆಯ ಕಟ್ಟಡದಲ್ಲಿ ಬೆವರುತ್ತಿತ್ತು. ಯಾರನ್ನು ಹಿಡಿದು ಹೊಡೆಯಬೇಕು? ಸತ್ತವನನ್ನೇ?

ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ಪ್ರಕಾಶ ಇಣುಕಿದರು. ರೇಷ್ಮೆ ಜುಬ್ಬಾ, ಕೈಯಲ್ಲಿ ಮೈಕು. "ಏನಪ್ಪಾ ಮನೀಶ್, ಇಲ್ಲಿದ್ದೀಯಾ? ಜನ ಎಲ್ಲ ಸೆಟ್ಲ್ ಆಗಿದ್ದಾರೆ, ಬಾ ಬಾ. ನಿಮ್ಮ ತಾತನ ಬಗ್ಗೆ ನಾನೇ ಎರಡು ಮಾತಾಡ್ತೀನಿ."

ವೇದಿಕೆಯ ಮೇಲೆ ಮನೀಶ ಹಾರ್ಮೋನಿಯಮ್ಮಿನ ಮುಂದೆ ಕುಳಿತ. ಪಕ್ಕದಲ್ಲಿ ಅಜ್ಜಿ. "ಈಗ ಒಂದು ಅಪರೂಪದ ರಚನೆ," ಪ್ರಕಾಶ ಶುರು ಮಾಡಿದರು, "ದಿವಂಗತ..."

"ಬೇಡ ಸಾರ್."

"ಏನು ಬೇಡ?"

"ಆ ಹೆಸರು ಬೇಡ."

ಪ್ರಕಾಶ ಮೈಕಿಗೆ ಕೈ ಅಡ್ಡ ಹಿಡಿದರು. "ಮತ್ತೆ ಯಾರದ್ದು ಅಂತ ಹೇಳ್ಲೋ?"

ಮನೀಶ ಅಜ್ಜಿಯನ್ನು ನೋಡಿದ. ತೆರೆದೇ ಉಳಿದ ಬಾಗಿಲಿನಾಚೆ ಆರ್ಗನ್ನಿನ ಮುಂದೆ ಯಾನ್ ಕೈಕಟ್ಟಿ ಕುಳಿತಿದ್ದ. ಸಭೆ ಗುಸುಗುಟ್ಟತೊಡಗಿತು.

"ಶ್ರುತಿ ಕೊಡು ಮಗಾ," ಎಂದಳು ಅಜ್ಜಿ.

ಅವನ ಎಡಗೈ ತಿದಿಯೊತ್ತುತ್ತಲೇ ಇತ್ತು. ಬಲಗೈ ಮೇಲೇಳಲಿಲ್ಲ. ಪೆಟ್ಟಿಗೆಯೊಳಗಿಂದ ಬರೀ ಗಾಳಿಯ ಸದ್ದು. ಅಜ್ಜಿ ಕತ್ತು ನೆಟ್ಟಗೆ ಮಾಡಿ, ಎರಡೂ ಅಂಗೈಗಳನ್ನು ಅವನ ಕಡೆಗೆ ತೆರೆದು ಕಾದಳು, ಸಾಲಿನಲ್ಲಿ ಪಕ್ಕದವಳಿಂದ ಹಂಚು ಬರಬೇಕಾಗಿದೆ ಎಂಬಂತೆ.